ಕೌದಳ್ಳಿ ದಾರಿಯಲ್ಲಿ ಇಂಗ್ಲೆಂಡಿನ ಬಿಯರು

ಆಗ ನನಗೆ ಐವತ್ತೆರಡು ವರ್ಷ. ಹದಿನಾರು ವರ್ಷದ ಹಿಂದಿನ ಮಾತು. ಹೋದ ವರ್ಷ ಕೆಲಸ ಬಿಟ್ಟೆ. ಈಗ ಅದೇ ತೋಟಕ್ಕೆ ಹೊಸದಾಗಿ ಇಬ್ಬರು ಹೆಣ್ಣುಮಕ್ಕಳು ಸೇರಿದ್ದಾರೆ. "ಮಾದಜ್ಜಿ, ಕೆಲಸ ಹೇಳಿಕೊಡಿ" ಎಂದು ಬರುತ್ತಾರೆ, ಬಂದವರು ಫೋನು ನೋಡುತ್ತಾ ಕೂರುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಕೆಲಸ ತಪ್ಪಿದರೆ ಬೈಗುಳ ನಿಮಗೆ.

ಕೆಲಸ ಏನೆಂದರೆ, ಇಂಗ್ಲೆಂಡಿನವರು ಕುಡಿಯುವ ಏಲ್ ಎಂಬ ಬಿಯರನ್ನು ಅವರದೇ ಪುಸ್ತಕ ನೋಡಿಕೊಂಡು ಮನೆಯಲ್ಲಿ ಕಾಯಿಸುವುದು. ಹನೂರಿನಿಂದ ಕೌದಳ್ಳಿಗೆ ಹೋಗುವ ದಾರಿಯಲ್ಲಿ ಆ ತೋಟದ ಮನೆ. ಯಜಮಾನರು ಹಡಗಿನಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಅವರನ್ನು ನಾವು ಅಯ್ಯನವರು ಎನ್ನುತ್ತಿದ್ದೆವು. ಅವರ ಹೆಂಡತಿ ಅಮ್ಮನವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದವರು. ಅವರು ಒಂದು ತೊಟ್ಟೂ ಕುಡಿಯುವವರಲ್ಲ. ಆದರೆ ಪುಸ್ತಕ ಎಂದ ಮೇಲೆ ಬರೆದಂತೆಯೇ ಮಾಡಬೇಕು ಎನ್ನುವವರು. ಪರವಾನಗಿ, ಕಾನೂನು ಎಂದು ನನ್ನನ್ನು ಕೇಳಬೇಡಿ. ಅದು ಅಯ್ಯನವರ ತಲೆನೋವು, ನನ್ನದು ಒಲೆ.

ಅದಕ್ಕೂ ಮೊದಲು ಇಪ್ಪತ್ತು ವರ್ಷ ಮಧುವನಹಳ್ಳಿಯ ಗೌಡರೊಬ್ಬರ ರೇಷ್ಮೆ ಹುಳುಮನೆಯಲ್ಲಿ ದುಡಿದಿದ್ದೆ. ಹುಳುವಿಗೆ ಸೊಪ್ಪು ಹಾಕುವುದು, ಹಿಕ್ಕೆ ತೆಗೆಯುವುದು, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು. ಗೌಡರು ಹಿಪ್ಪುನೇರಳೆ ಕಿತ್ತು ಅರಿಶಿನ ಹಾಕಿದರು. ಅರಿಶಿನದ ಹೊಲದಲ್ಲಿ ಕೂತು ಕಳೆ ಕೀಳಬೇಕು. ನನ್ನ ಮೊಣಕಾಲು ಕೂತರೆ ಏಳುವುದಿಲ್ಲ, ಎದ್ದರೆ ಕೂರುವುದಿಲ್ಲ. ನಿಂತುಕೊಂಡು ಮಾಡುವ ಕೆಲಸ ನಮ್ಮ ಕಡೆ ಇದೊಂದೇ ಇತ್ತು. ಇದೂ ಹೋದರೆ ಸೊಸೆ ಬಡಿಸಿದಾಗ ಉಣ್ಣಬೇಕು. ನನ್ನ ಸೊಸೆ ಕೆಟ್ಟವಳಲ್ಲ, ಬಡಿಸುವುದು ತಡ.

ಪುಸ್ತಕ ಮೂರಿದ್ದವು. ಒಂದು ಸಣ್ಣದು, ಚಿತ್ರವಿಲ್ಲದ್ದು. ಇನ್ನೊಂದು ದಪ್ಪನೆಯದು, ತುಂಬ ಚಿತ್ರ. ಮೂರನೆಯದರಲ್ಲಿ ಬರೀ ಅಂಕಿ. ಅಂಕಿ ನನಗೆ ಬರುತ್ತಿತ್ತು. ಅದೇ ತಪ್ಪಾಯಿತು. ಸೇರಿದ ದಿನ ಅಯ್ಯನವರು ಅಂಕಿಯ ಪುಸ್ತಕ ತೆರೆದು ಬೆರಳಿಟ್ಟು, "ಮಾದಮ್ಮ, ನೀರು ಇಷ್ಟಕ್ಕೆ ಬಂದಾಗ ಅಮ್ಮನವರನ್ನ ಕೂಗು" ಎಂದು ಹೇಳಿ ಕೊಳ್ಳೇಗಾಲಕ್ಕೆ ಹೊರಟರು. ನೋಡಿದೆ, ೧೫೨. ಹಂಡೆಯಲ್ಲಿ ಥರ್ಮಾಮೀಟರು ಇಳಿಬಿಟ್ಟು ಸೌದೆ ತುರುಕಿದೆ. ನೂರರ ಹತ್ತಿರ ಬಂದು ನೀರು ಕುಣಿಯಿತು, ಅಲ್ಲಿಂದ ಮೇಲೆ ಒಂದು ಗೆರೆಯೂ ಹತ್ತಲಿಲ್ಲ. ಮತ್ತೆ ಸೌದೆ ಹಾಕಿದೆ. ತೋಟದ ಕೆಲಸದ ಅಂತೋಣಿಯನ್ನು ಕರೆದು ಊದಿಸಿದೆ. ಅವನು ಮಾರ್ಟಳ್ಳಿಯವನು, ಮಾತಿನಲ್ಲಿ ಅರ್ಧ ತಮಿಳು. ಊದಿ ಊದಿ ಕಣ್ಣು ಕೆಂಪಾಗಿ, "ಅಕ್ಕಾ, ಈ ತಣ್ಣಿಗೆ ಏನೋ ಆಗದೆ, ಬುಟ್ಬುಡಕ್ಕಾ" ಎಂದ. ಸಂಜೆ ಅಯ್ಯನವರು ಬಂದಾಗ ಹಂಡೆಯಲ್ಲಿ ನೀರು ಕಾಲು ಭಾಗ ಉಳಿದಿತ್ತು, ಸೌದೆ ಅಷ್ಟೂ ಉಳಿದಿರಲಿಲ್ಲ.

"ಏನಿದು ಮಾದಮ್ಮ?"

"ನೂರರ ಮ್ಯಾಕೆ ಅತ್ತಕ್ಕೇ ಒಲ್ಲದು ಸಾ. ಸೋಮಾರಿ ನೀರು."

ಅಯ್ಯನವರು ಜಗಲಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಮ್ಮನವರು ನಗಲಿಲ್ಲ. ಪುಸ್ತಕದ ಬಿಸಿ ಅವರ ಕಡೆಯ ಲೆಕ್ಕ, ನಮ್ಮ ಥರ್ಮಾಮೀಟರಿನದು ನಮ್ಮ ಕಡೆಯ ಲೆಕ್ಕ ಎಂದು ಗಂಡನಿಗೆ ಬೈದರು. ಮರುದಿನ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ಪುಸ್ತಕದ ೧೫೨ ಅಂದರೆ ನಮ್ಮ ೬೭. ಒಂದು ಗ್ಯಾಲನ್ ಅಂದರೆ ನಾಲ್ಕೂವರೆ ಲೀಟರ್" ಎಂದು ಬರೆದು ಗೋಡೆಗೆ ಅಂಟಿಸಿದರು. ಆ ರಟ್ಟು ಈಗಲೂ ಇದೆ. ಹುಡುಗಿಯರೇ, ಅದನ್ನು ಕಿತ್ತು ಕ್ಯಾಲೆಂಡರ್ ಹಾಕಬೇಡಿ.

ಅಂದಿನಿಂದ ಅಮ್ಮನವರು ಓದುವುದು, ನಾನು ಕಾಯಿಸುವುದು. ಅವರು ಕಿಟಕಿಯ ಆಚೆ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುವರು, ನಾನು ಒಳಗಿಂದ "ಆಯ್ತು" ಎಂದ ಮೇಲೆ ಮುಂದಿನದು. ಕೆಲಸ ಕಷ್ಟದ್ದಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಮೂಟೆಯಲ್ಲಿ ಬರುತ್ತದೆ. ಅದನ್ನು ತರಿಯಾಗಿ ಒಡೆದು, ಅರವತ್ತೇಳರ ನೀರಿನಲ್ಲಿ ಕಲಸಿ, ಕಂಬಳಿ ಸುತ್ತಿ ಒಂದು ಗಂಟೆ ಬಿಟ್ಟರೆ ಸಿಹಿ ನೀರು ಇಳಿಯುತ್ತದೆ. ಆ ನೀರನ್ನು ಹಾಪ್ಸ್ ಎಂಬ ಕಹಿ ಹೂವಿನ ಜೊತೆ ಕುದಿಸಿ, ಆರಿಸಿ, ಡ್ರಮ್ಮಿಗೆ ಸುರಿದು ಈಸ್ಟ್ ಹಾಕುವುದು. ಹಾಲಿಗೆ ಹೆಪ್ಪು ಹೇಗೋ ಇದಕ್ಕೆ ಈಸ್ಟ್ ಹಾಗೆ. ಅದು ಸಿಹಿ ತಿಂದು ಉಕ್ಕಿ, ಒಂದು ವಾರಕ್ಕೆ ಏಲ್ ಮಾಡುತ್ತದೆ. ಆಮೇಲೆ ಬಾಟಲಿ.

ಕಷ್ಟ ಎಲ್ಲಿ ಎಂದರೆ, ಕೈಗೆ ಹಳೆಯ ಕೆಲಸದ ಅಭ್ಯಾಸ ಇರುತ್ತದೆ ನೋಡಿ, ಅಲ್ಲಿ.

ಮೊದಲನೆಯ ಸಲ ಅಮ್ಮನವರು "ಎಲ್ಲ ಪಾತ್ರೆಯನ್ನೂ ಕ್ರಿಮಿ ಇಲ್ಲದಂತೆ ತೊಳೆಯಬೇಕು" ಎಂದು ಓದಿದರು. ಇದು ನನಗೆ ಗೊತ್ತಿರುವ ಕೆಲಸ ಎಂದುಕೊಂಡೆ. ಹುಳುಮನೆಯಲ್ಲಿ ಪ್ರತಿ ಬೆಳೆಗೂ ಮುಂಚೆ ಬ್ಲೀಚಿಂಗ್ ಪುಡಿ ಕಲಸಿ ಗೋಡೆ, ತಟ್ಟೆ, ನೆಲ ಎಲ್ಲ ತೊಳೆಯುತ್ತೇವೆ. ಹನೂರಿನ ಅಂಗಡಿಯಿಂದ ತರಿಸಿ ಡ್ರಮ್ಮಿನ ಒಳಗೆ, ಹೊರಗೆ, ಕೊಳವೆಗೆ, ಬಾಗಿಲಿನ ಹೊಸ್ತಿಲಿಗೂ ಬಳಿದೆ. ಒಂದು ನೊಣ ಸುಳಿಯಲಿಲ್ಲ. ಏಲ್ ಆಯಿತು. ಅಯ್ಯನವರು ಮೊದಲ ಗುಟುಕು ಬಾಯಿಗೆ ಹಾಕಿ, ನುಂಗಲೂ ಆಗದೆ ಉಗಿಯಲೂ ಆಗದೆ ನನ್ನನ್ನೇ ನೋಡುತ್ತಾ ನಿಂತರು.

"ಎಂಗದೆ ಸಾ?"

"ಆಪರೇಷನ್ ಆದಮೇಲೆ ಆಸ್ಪತ್ರೆ ನೆಲ ಒರೆಸ್ತಾರಲ್ಲ," ಎಂದರು, "ಆ ಬಟ್ಟೆ ಹಿಂಡಿದ ಹಾಗಿದೆ."

ಕುದಿಯುವ ನೀರಿನಲ್ಲಿ ತೊಳೆದರೆ ಸಾಕು ಎಂದು ಮುಂದಿನ ಸಾಲಿನಲ್ಲೇ ಇತ್ತಂತೆ. ಸಾಲು ಮುಗಿಯುವ ಮುಂಚೆಯೇ ನಾನು "ಆಯ್ತು" ಎಂದಿದ್ದೆ.

ಎರಡನೆಯ ಸಲದ್ದು ಇನ್ನೂ ಚೆನ್ನಾಗಿದೆ. ಆ ದಿನ ಬೆಳಿಗ್ಗೆ ಅಯ್ಯನವರು ಎಲ್ಲ ಸಾಮಾನು ತೂಕ ಮಾಡಿ ಮೇಜಿನ ಮೇಲೆ ಜೋಡಿಸಿಟ್ಟು ಹಲ್ಲಿನ ಡಾಕ್ಟರ ಹತ್ತಿರ ಹೋದರು. ನಾನು ಒಳಗೆ ಬಂದು ನೋಡುತ್ತೇನೆ, ಒಂದು ಸ್ಟೀಲ್ ತಟ್ಟೆಯ ತುಂಬ ರೇಷ್ಮೆ ಹುಳುವಿನ ಹಿಕ್ಕೆ. ಅದೇ ಹಸಿರು, ಅದೇ ಗಾತ್ರ, ಉರುಳಿಸಿದರೆ ಅದೇ ಸದ್ದು. ಇಪ್ಪತ್ತು ವರ್ಷ ಹಿಕ್ಕೆ ಬಾಚಿದವಳಿಗೆ ಹಿಕ್ಕೆ ಗೊತ್ತಾಗುವುದಿಲ್ಲವೇ? ಕುಡಿಯುವ ಪದಾರ್ಥ ಮಾಡುವ ಮೇಜಿನ ಮೇಲೆ ಇದನ್ನು ಯಾರು ತಂದಿಟ್ಟರು ಎಂದು ಬೈದುಕೊಂಡು, ತಟ್ಟೆಯನ್ನು ತೆಗೆದುಕೊಂಡು ಹೋಗಿ ತಿಪ್ಪೆಗೆ ಕೊಡವಿ, ತಟ್ಟೆಯನ್ನು ಬೂದಿ ಹಾಕಿ ತಿಕ್ಕಿದೆ.

ಸಿಹಿ ನೀರು ಕುದಿ ಬಂತು. ಕಿಟಕಿಯ ಆಚೆಯಿಂದ ಅಮ್ಮನವರು, "ಈಗ ಹೂವು ಹಾಕು" ಎಂದರು.

"ಯಾವ ಊವು?"

"ಮೇಜಿನ ಮೇಲೆ ಇಟ್ಟಿದ್ದಾರಲ್ಲ. ಒಣಗಿದ್ದು."

ಮೇಜಿನ ಮೇಲೆ ಏನೂ ಇರಲಿಲ್ಲ. ಚಿತ್ರದ ಪುಸ್ತಕ ತೆರೆದೆ. ಅದರಲ್ಲಿ ಮೊಗ್ಗಿನಂತೆ ಒಂದು ಹಸಿರು ಹೂವು, ಒಂದರ ಮೇಲೊಂದು ಎಸಳು. ಒಣಗಿದರೆ ಹೇಗಿರುತ್ತದೆ ಎಂದು ಯೋಚಿಸಿ ಅಡುಗೆಮನೆಯ ಡಬ್ಬಗಳನ್ನೆಲ್ಲ ತೆರೆದು ನೋಡಿದೆ. ಒಂದರಲ್ಲಿ ಸಿಕ್ಕಿತು. ಒಂದು ಹಿಡಿ ಹಾಕಿದೆ. ಘಮ್ ಎಂದಿತು. ಮತ್ತೊಂದು ಹಿಡಿ ಹಾಕಿದೆ.

"ಹಾಕಿದೆಯಾ?"

"ಆಯ್ತು."

ಮೂರು ವಾರ ಆದಮೇಲೆ ಬಾಟಲಿ ತೆರೆದರು. ಅಯ್ಯನವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಇನ್ನೊಂದು ಗುಟುಕು ಕುಡಿದರು. ಗ್ಲಾಸನ್ನು ಅಮ್ಮನವರ ಮೂಗಿನ ಬಳಿ ಹಿಡಿದು, "ಇದು ಏನು ನೆನಪು ತರುತ್ತೆ ಹೇಳು" ಎಂದರು. ಅಮ್ಮನವರು ಮೂಸಿ, ಗ್ಲಾಸು ಕೆಳಗಿಟ್ಟು, ಅಡುಗೆಮನೆಗೆ ಹೋಗಿ ಖಾಲಿ ಡಬ್ಬ ತಂದು ನನ್ನ ಮುಂದೆ ಹಿಡಿದರು.

"ಮರಾಠಿ ಮೊಗ್ಗು," ಎಂದರು. "ಬಿಸಿಬೇಳೆ ಬಾತಿಗೆ ಇಟ್ಟಿದ್ದು."

"ಚಿತ್ರದಲ್ಲಿ ಅಂಗೇ ಇತ್ತು ಕಣ್ರಮ್ಮಾ."

"ಮೇಜಿನ ಮೇಲಿದ್ದ ಹಾಪ್ಸ್ ಏನಾಯ್ತು?"

"ಮೇಜಿನ ಮ್ಯಾಲೆ ಉಳದ ಇಕ್ಕೆ ಇತ್ತು. ಎಸ್ದೆ."

ಆ ಹೂವನ್ನು ಪುಡಿ ಮಾಡಿ ಗುಳಿಗೆಯಂತೆ ಒತ್ತಿ ಕಳಿಸುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೊದಲ ಸಲ ಅದನ್ನು ಅಯ್ಯನವರೇ ಹಾಕಿದ್ದರು. ಬೇರೆ ದೇಶದಿಂದ ಹಡಗಿನಲ್ಲಿ ಬಂದ ಹೂವು ಕೌದಳ್ಳಿ ದಾರಿಯ ತಿಪ್ಪೆಯಲ್ಲಿ ಗೊಬ್ಬರವಾಯಿತು. ಆ ಸಲ ಕಾಯಿಸಿದ ಇಪ್ಪತ್ತಮೂರು ಲೀಟರ್ ಏಲನ್ನು ಅಂತೋಣಿ ತನ್ನ ಹಂದಿಗಳಿಗೆ ಹೊತ್ತುಕೊಂಡು ಹೋದ. ಮರುದಿನ ಬಂದವನ ಮುಖದಲ್ಲಿ ಭಯ, ನಗೆ ಎರಡೂ ಇತ್ತು.

"ಅಕ್ಕಾ, ಪನ್ನಿ ಎಲ್ಲಾ ಒಂದೇ ಕಡೆ ಒರಗಿಕೊಂಡು ಗೋಡೆ ನೋಡ್ತಾ ನಿಂತವೆ. ಕೂಗುದ್ರೆ ತಿರುಗಿ ನೋಡಾಕಿಲ್ಲ."

"ಬದುಕವೆ ತಾನೇ?"

"ನಮ್ಗಿಂತ ಸಂದಾಕವೆ."

ಅಮ್ಮನವರು ಆ ದಿನ ನನ್ನನ್ನು ಜಗಲಿಗೆ ಕರೆದರು. ಅವರು ಕೂಗಾಡುವವರಲ್ಲ. ಪಾಠ ಹೇಳುವಂತೆ ಹೇಳಿದರು. "ಇವರ ಹಡಗಿನ ಗೆಳೆಯರೊಬ್ಬರು ಬರ್ತಾರೆ, ಮುಂದಿನ ತಿಂಗಳ ಕೊನೆಗೆ. ಅಷ್ಟರೊಳಗೆ ಒಂದೇ ಸಲ ಮಾಡೋಕೆ ಸಮಯ ಇದೆ. ಅವರು ಬಂದಾಗ ಬಾಟಲಿಯಲ್ಲಿ ಕುಡಿಯೋ ಹಾಗಿರೋ ಏಲ್ ಇದ್ರೆ ನೀನು ಇರ್ತೀಯ. ಇಲ್ಲಾಂದ್ರೆ ಡ್ರಮ್ಮು ಗುಜರಿಗೆ, ನೀನು ಮನೆಗೆ. ಅಡುಗೆಗೆ, ಕಸಕ್ಕೆ ನನಗೆ ಬೇರೆ ಆಳು ಬೇಕಿಲ್ಲ."

"ಸರಿ," ಎಂದೆ. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಮೂರನೆಯ ಸಲ ನಾನು ಬಾಯಿ ಮುಚ್ಚಿಕೊಂಡು, ಸಾಲು ಪೂರ್ತಿ ಮುಗಿಯುವವರೆಗೆ ಕಾದು ಮಾಡಿದೆ. ಹಾಪ್ಸ್ ಹಾಕುವಾಗ ಅಮ್ಮನವರು ಒಳಗೆ ಬಂದು ಕಣ್ಣಾರೆ ನೋಡಿದರು. ಡ್ರಮ್ಮು ತುಂಬಿದ ಮೇಲೆ ನನ್ನದೇ ಬುದ್ಧಿ ಒಂದು ಸೇರಿಸಿದೆ. ಪುಸ್ತಕ ಬರೆದವರ ಊರು ತಂಪು, ನಮ್ಮದು ಕಾವು. ಹುಳುಮನೆಯಲ್ಲಿ ಮಾಡುವಂತೆ ಗೋಣಿಚೀಲ ಒದ್ದೆ ಮಾಡಿ ಡ್ರಮ್ಮಿಗೆ ಸುತ್ತಿದೆ. ಬಾಗಿಲಲ್ಲಿ ಕಾಲು ತೊಳೆಯಲು ನೀರಿಟ್ಟೆ. ಹೊರಗಿನವರು ಯಾರೂ ಬರಬಾರದು ಎಂದೆ. ಎರಡು ದಿನ ಡ್ರಮ್ಮಿನ ಗಾಳಿ ಹೊರಹೋಗುವ ಕೊಳವೆಯಿಂದ ಗುಳುಗುಳು ಸದ್ದು ಬಂತು. ಆ ಸದ್ದು ಕೇಳಿದರೆ ಹುಳು ಸೊಪ್ಪು ಮೇಯುವ ಸದ್ದು ಕೇಳಿದಷ್ಟೇ ಖುಷಿ. ಮೂರನೆಯ ದಿನ ನಿಂತುಹೋಯಿತು.

ನಾನು ಗಾಬರಿಯಾಗಲಿಲ್ಲ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಊಟ ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಇರುತ್ತದೆ. ಪೊರೆ ಬಿಡುವ ಕಾಲ ಅದು, ನಾವು ಜ್ವರ ಎನ್ನುತ್ತೇವೆ. ಜ್ವರದಲ್ಲಿರುವ ಹುಳುವನ್ನು ಮುಟ್ಟಿದರೆ ಬೆಳೆ ಹೋಯಿತು. ಜೀವ ಇರುವ ಪದಾರ್ಥ, ತಿನ್ನುತ್ತದೆ, ಬೆಳೆಯುತ್ತದೆ, ಇದಕ್ಕೂ ಜ್ವರ ಬಂದಿದೆ ಎಂದುಕೊಂಡೆ. ಬಾಗಿಲಿಗೆ ಅಡ್ಡವಾಗಿ ಎತ್ತರದ ಸ್ಟೂಲು ಹಾಕಿಕೊಂಡು ಕೂತೆ.

ಅಯ್ಯನವರು ಉದ್ದನೆಯ ಸೌಟು ಹಿಡಿದುಕೊಂಡು ಬಂದರು. "ಮಾದಮ್ಮ, ದಾರಿ ಬಿಡು. ಕಲಕಬೇಕು."

"ಬುಡಾಕಿಲ್ಲ ಸಾ. ಅದಕ್ಕೆ ಜ್ವರ ಬಂದದೆ."

"ಯಾರಿಗೆ?"

"ಈಸ್ಟಿಗೆ."

"ಎಷ್ಟು ಡಿಗ್ರಿ?" ಎಂದರು. ನಾನು ನಗಲಿಲ್ಲ. ಅವರು ಸೌಟು ಹಿಡಿದುಕೊಂಡು ಹಾಗೇ ಹೋದರು. ಹಡಗಿನಲ್ಲಿ ಎಷ್ಟೋ ಜನರ ಮೇಲೆ ಅಧಿಕಾರ ಮಾಡಿದವರಂತೆ. ಮನೆಯಲ್ಲಿ ಅಮ್ಮನವರು, ಬಾಗಿಲಲ್ಲಿ ನಾನು. ಪಾಪ. ಅಂತೋಣಿ ಕಿಟಕಿಯಲ್ಲಿ ಇಣುಕಿ, "ಅಕ್ಕಾ, ಒಂದು ಕ್ರೋಸಿನ್ ಹಾಕಿ ನೋಡು" ಎಂದ. ಕಾಲು ತೊಳೆಯುವ ನೀರನ್ನು ಅವನ ಮುಖಕ್ಕೆ ಎರಚಿದೆ.

ಐದನೆಯ ದಿನ ಬೆಳಿಗ್ಗೆ ಅಮ್ಮನವರು ಬಂದರು. ಕೈಯಲ್ಲಿ ಸಣ್ಣ ಪುಸ್ತಕ, ಮೂಗಿನ ಮೇಲೆ ಕನ್ನಡಕ. ನಿಂತುಕೊಂಡೇ ಓದಿದರು. "ಈ ಜಾತಿಯ ಈಸ್ಟು ಬೇಗ ತಳ ಸೇರಿ ಸುಮ್ಮನಾಗುತ್ತದೆ. ಹಾಗಾದಾಗ ಕಲಕಿ ಎಬ್ಬಿಸಬೇಕು."

"ಬರ್ದೋನು ಉಳ ಸಾಕಿದ್ನರಾ?"

"ಇಲ್ಲ."

"ಮತ್ತೆ ಅವ್ನಿಗೇನು ಗೊತ್ತು?"

"ಅವನು ಏಲ್ ಕಾಯಿಸಿದಾನೆ. ನೀನು ಎರಡು ಸಲ ಕೆಡಿಸಿದೀಯ."

ಆದರೂ ನಾನು ಸ್ಟೂಲಿನಿಂದ ಏಳಲಿಲ್ಲ. ಅಮ್ಮನವರು ಪುಸ್ತಕ ಮುಚ್ಚಿದರು. ಟೀಚರು ಟೀಚರೇ. ಬೇರೆ ಕಡೆಯಿಂದ ಬಂದರು.

"ಹುಳುವಿಗೆ ಜ್ವರ ಎಷ್ಟು ಹೊತ್ತು ಇರುತ್ತೆ?"

"ಒಂದಗಲು, ಒಂದ್ ರಾತ್ರಿ."

"ಇದಕ್ಕೆ ಎಷ್ಟಾಯ್ತು?"

ಎಣಿಸಿದೆ. "ಎರಡಗಲು, ಎರಡ್ ರಾತ್ರಿ."

"ಜ್ವರ ಬಿಡೋ ಹೊತ್ತು ಕಳೆದ್ರೂ ಏಳದ ಹುಳುವನ್ನ ಏನು ಮಾಡ್ತಿದ್ರಿ?"

ಸುಣ್ಣದ ಗುಂಡಿಗೆ ಹಾಕುತ್ತಿದ್ದೆವು. ಅವರ ಪುಸ್ತಕಕ್ಕೆ ನಾನು ಬಗ್ಗುತ್ತಿರಲಿಲ್ಲ. ನನ್ನ ಲೆಕ್ಕವೇ ನನಗೆ ಎದುರು ನಿಂತಿತು. ಎದ್ದು ಡ್ರಮ್ಮಿನ ಹತ್ತಿರ ಹೋದೆ. ಮೈ ಮುಟ್ಟಿದೆ. ತಣ್ಣಗೆ ಕೊರೆಯುತ್ತಿತ್ತು. ಅದು ಮಾರ್ಗಶಿರದ ಚಳಿ. ಬೇಸಿಗೆಯ ಹುಳುವಿಗೆ ಮಾಡುವ ಉಪಚಾರವನ್ನು ಚಳಿಗಾಲದಲ್ಲಿ ಮಾಡಿ ಒದ್ದೆ ಗೋಣಿ ಸುತ್ತಿದವಳು ನಾನೇ. ಈಸ್ಟಿಗೆ ಜ್ವರವೂ ಇಲ್ಲ, ಏನೂ ಇಲ್ಲ. ಚಳಿಗೆ ಮುದುರಿಕೊಂಡು ತಳದಲ್ಲಿ ಬಿದ್ದಿತ್ತು.

ಗೋಣಿ ಕಿತ್ತು ಬಿಸಾಡಿದೆ. ಕಂಬಳಿ ತಂದು ಸುತ್ತಿದೆ. ಕುದಿಯುವ ನೀರಿನಲ್ಲಿ ಸೌಟು ಅದ್ದಿ, ಮುಚ್ಚಳ ತೆಗೆದು, ತಳ ಕೆರೆದು ಮೇಲಕ್ಕೆ ಎಬ್ಬಿಸಿದೆ. ನನ್ನ ಕೈಯಾರೆ ಮಾಡಿದೆ. ಅಯ್ಯನವರು ಕೊಡು ಎಂದರೂ ಕೊಡಲಿಲ್ಲ. ಹೋದರೆ ನನ್ನ ಕೈಯಲ್ಲೇ ಹೋಗಲಿ. ಆ ದಿನ ಮಧ್ಯಾಹ್ನ ಊಟ ಸೇರಲಿಲ್ಲ. ಸ್ಟೂಲಿನ ಮೇಲೆ ಕೂತು ಕೊಳವೆಯನ್ನೇ ನೋಡುತ್ತಿದ್ದೆ. ನಾಲ್ಕು ಗಂಟೆಯ ಹೊತ್ತಿಗೆ ಒಂದು ಗುಳು. ಬಹಳ ಹೊತ್ತಿನ ಮೇಲೆ ಇನ್ನೊಂದು.

ಮರುದಿನ ಹನ್ನೊಂದು ಗಂಟೆಗೆ ಅಂತೋಣಿ ಒಳಗೆ ಬಗ್ಗಿ, "ಅಕ್ಕಾ, ಏನೋ ಉಸ್ ಅಂತದೆ" ಎಂದ. ಅಷ್ಟು ಹೇಳಿದ್ದೇ, ನೊರೆ ಉಕ್ಕಿ ಕೊಳವೆ ಕಟ್ಟಿಕೊಂಡಿದ್ದ ಡ್ರಮ್ಮಿನ ಮುಚ್ಚಳ ಹಾರಿ ಸೂರಿಗೆ ಬಡಿಯಿತು. ನೊರೆ ಅವನ ತಲೆ, ಗಡ್ಡ, ಅಂಗಿ ಎಲ್ಲ ಮುಚ್ಚಿಕೊಂಡು ನೆಲದ ಮೇಲೆ ಹರಿದು ಹೊಸ್ತಿಲು ದಾಟಿ ಜಗಲಿಗೆ ಬಂತು. ಅಂತೋಣಿ ನಾಲಗೆ ಚಾಚಿ ಮೀಸೆ ನೆಕ್ಕಿ, "ಕಸಪ್ಪು," ಎಂದ. ಕಹಿ ಎಂದರ್ಥ. ಆ ಮಾತಿಗಾಗಿ ನಾನು ಎರಡು ತಿಂಗಳು ಕಾದಿದ್ದೆ. ಗೋಡೆ ಹಿಡಿದುಕೊಂಡು ನಕ್ಕೆ. ಅಯ್ಯನವರು ನೊರೆಯಲ್ಲಿ ಜಾರಿ ಕೂತು, ಕೂತಲ್ಲಿಂದ ಏಳದೆ ನಕ್ಕರು. ಅಮ್ಮನವರು ಬಾಗಿಲಲ್ಲಿ ಬಂದು ನಿಂತು ಮೂವರನ್ನೂ ನೋಡಿ, "ಎಬ್ಬಿಸು ಅಂತ ಓದಿದೆ, ಓಡಿಸು ಅಂತಲ್ಲ. ನೆಲ ಒರೆಸಿ" ಎಂದು ಹೋದರು.

ಆ ಗೆಳೆಯ ಹೇಳಿದ ದಿನಕ್ಕೇ ಬಂದ. ಕುಳ್ಳಗೆ, ಬೋಳುತಲೆ, ಮಾತು ಕಡಿಮೆ. ಅಯ್ಯನವರು ಬಾಟಲಿ ತೆರೆದು ಬಗ್ಗಿಸಿದರು. ಬಣ್ಣ ತಾಮ್ರದ ಚೆಂಬು ಹುಣಸೆಹಣ್ಣು ಹಾಕಿ ಬೆಳಗಿದಂತೆ ಇತ್ತು. ಆ ಮನುಷ್ಯ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದ. ಮೂಸಿದ. ಕುಡಿದ. ಮತ್ತೆ ಕುಡಿದ. ನಾನು ಸೆರಗಿನ ತುದಿ ಹಿಂಡುತ್ತಾ ಬಾಗಿಲ ಹಿಂದೆ ನಿಂತಿದ್ದೆ. ಅಮ್ಮನವರು ಅವನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

ಗ್ಲಾಸು ಖಾಲಿ ಮಾಡಿ ಕೆಳಗಿಟ್ಟು, "ಒಂದು ತಪ್ಪಾಗಿದೆ" ಎಂದ. "ತುಂಬಾ ತಣ್ಣಗಿದೆ. ಇಂಥ ಏಲನ್ನ ಫ್ರಿಜ್ಜಲ್ಲಿ ಇಡಬಾರದು. ಉಳಿದಿದ್ದೆಲ್ಲ ಸರಿ."

"ಪ್ರಿಜ್ಜಲ್ಲಿ ಮಡಗಿದ್ದು ನಾನಲ್ಲ ಸಾ," ಎಂದೆ ಬಾಗಿಲ ಹಿಂದಿನಿಂದ.

ಮಡಗಿದ್ದವರು ಯಾರೆಂದು ಅಯ್ಯನವರಿಗೂ ಗೊತ್ತು. ಅವರು ಹೆಂಡತಿಯ ಕಡೆ ತಿರುಗಿ ನಗುವ ಧೈರ್ಯ ಮಾಡಲಿಲ್ಲ, ಗ್ಲಾಸಿನೊಳಗೆ ನಕ್ಕರು. ಅಮ್ಮನವರು ಪುಸ್ತಕ ತೆಗೆದು ಹುಡುಕಿದರು. ಆ ಸಾಲು ಇತ್ತು. ಕೊನೆಯ ಪುಟದಲ್ಲಿತ್ತು. ಅದನ್ನು ಅವರು ಗಟ್ಟಿಯಾಗಿ ಓದಲಿಲ್ಲ.

ಗೆಳೆಯರಿಬ್ಬರೂ ಎರಡನೆಯದು ತೆರೆದರು, ಮೂರನೆಯದು ತೆರೆದರು. ಬೋಳುತಲೆಯ ಮನುಷ್ಯನಿಗೆ ಮಾತು ಬಂದುಬಿಟ್ಟಿತು. ಹಡಗಿನ ಅಡುಗೆಯವನ ಹಾಗೆ ನಡೆದು ತೋರಿಸಲು ಹೋಗಿ ಕುರ್ಚಿ ಬೀಳಿಸಿದ. ನನಗೆ ತಡೆಯಲಾಗಲಿಲ್ಲ. ಎಲ್ಲರ ಎದುರಿಗೇ ಕೇಳಿದೆ. "ಅಮ್ಮಾ, ನಾನು ಓಗ್ಲಾ, ಇರ್ಲಾ?"

"ಇವರಿಬ್ಬರು ಖಾಲಿ ಮಾಡ್ತಿರೋ ರೀತಿ ನೋಡು," ಎಂದರು ಅಮ್ಮನವರು. "ಮತ್ತೆ ತುಂಬೋರು ಯಾರು, ನಾನಾ?"

ಅಯ್ಯನವರು ನನಗೂ ಒಂದು ಗ್ಲಾಸು ಕೊಟ್ಟರು. ಬೇವಿನ ತೊಗಟೆ ಕುದಿಸಿದ ಕಷಾಯದಂತೆ ಇತ್ತು. ಇದಕ್ಕಾಗಿಯೇ ಇಷ್ಟೆಲ್ಲ ಕುಣಿದೆವಾ ಎನಿಸಿತು. ಆದರೂ ಪೂರ್ತಿ ಕುಡಿದೆ, ಮಾಡಿದವಳು ನಾನಲ್ಲವೇ? ಮನೆಗೆ ಹೋಗುವಾಗ ಅಂತೋಣಿಯ ಸೈಕಲ್ಲಿನ ಕ್ಯಾರಿಯರ್ ಹಿಡಿದುಕೊಂಡು ನಡೆದೆ. ದಾರಿಯಲ್ಲಿ ಒಂದು ಎಮ್ಮೆ ಎದುರಾಯಿತು. ಅದರ ಮುಖ ನೋಡಿ ನಮಗಿಬ್ಬರಿಗೂ ನಗು ಬಂತು. ಯಾಕೆ ಎಂದು ಈಗಲೂ ಗೊತ್ತಿಲ್ಲ. ಸೊಸೆ ತಟ್ಟೆ ಇಡುವಾಗಲೂ ನಗುತ್ತಿದ್ದೆ.

ಆಮೇಲೆ ಹದಿನೈದು ವರ್ಷ ಕಾಯಿಸಿದೆ. ಸೌದೆ ಹೋಗಿ ಗ್ಯಾಸು ಬಂತು. ಗಾಜಿನ ಥರ್ಮಾಮೀಟರು ಹೋಗಿ ಕೀ ಎಂದು ಕೂಗುವುದು ಬಂತು. ಈಗ ನೀವು ಫೋನಿನಲ್ಲಿ ವಿಡಿಯೋ ಹಾಕಿಕೊಂಡು ಮಾಡುತ್ತೀರಿ. ವಿಡಿಯೋದವನು ಮಾತಾಡುತ್ತಲೇ ಇರುತ್ತಾನೆ. ಕೈಗೆಲ್ಲ ತರಿ ಮೆತ್ತಿಕೊಂಡಿರುವಾಗ ಅವನನ್ನು ನಿಲ್ಲಿಸುವವರು ಯಾರು? ಪುಸ್ತಕವಾದರೆ ತೆರೆದ ಪುಟದಲ್ಲೇ ಕಾದಿರುತ್ತದೆ. ಸಾಲು ಮುಗಿಯುವವರೆಗೆ ಕೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ನಿಮ್ಮ ಅಭ್ಯಾಸವನ್ನೂ ಪೂರ್ತಿ ಬಿಡಬೇಡಿ, ಆದರೆ ಡ್ರಮ್ಮು ಮುಟ್ಟಿ ನೋಡದೆ ಅದನ್ನು ನಂಬಬೇಡಿ. ನಾನು ಕಲಿತದ್ದು ಇಷ್ಟೇ, ಉಳಿದದ್ದೆಲ್ಲ ತೊಳೆಯುವ ಕೆಲಸ.

ಆ ಗೆಳೆಯ ಬಂದುಹೋದ ಮರುದಿನ ಬೆಳಿಗ್ಗೆ ಆರು ಗಂಟೆಗೇ ತೋಟಕ್ಕೆ ಹೋದೆ. ತಲೆ ಸ್ವಲ್ಪ ಭಾರ ಇತ್ತು. ಯಾರನ್ನೂ ಕೇಳದೆ ಹಂಡೆ ತುಂಬಿ ಒಲೆ ಹೊತ್ತಿಸಿದೆ. ನೀರು ಬಿಸಿಯಾದ ಮೇಲೆ ಹೋಗಿ ಅಮ್ಮನವರ ಕಿಟಕಿ ತಟ್ಟಿದೆ.

"ಅಮ್ಮಾ, ಕನ್ನಡ್ಕ ಆಕ್ಕಳಿ. ನೀರು ಕಾದದೆ. ಮುಂದಿನ ಪುಟ ಓದಿ."